ಕಮಾನಿನ ನಾಲ್ಕನೆಯ ಫೋಟೋ

ಇಂಜಿನಿಯರ್ ಸಾಹೇಬರು ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ಗಿರಾಕಿ ಎಂದುಕೊಂಡು ನಾನು ಬಾಚಣಿಗೆ, ಪೌಡರ್ ಡಬ್ಬಿ ಎರಡನ್ನೂ ಕನ್ನಡಿ ಮುಂದೆ ತಂದಿಟ್ಟೆ. ಅವರು ಕನ್ನಡಿ ಕಡೆ ನೋಡಲೇ ಇಲ್ಲ. "ನನ್ನ ಫೋಟೋ ಅಲ್ಲ, ನಿಮ್ಮ ಓಣಿಯ ಕಮಾನಿನದು ಬೇಕು. ಒಂದಲ್ಲ, ನಾಲ್ಕು. ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು, ದೀಪಾವಳಿ ಸುಮಾರಿಗೆ ಒಂದು, ಚಳಿಯಲ್ಲಿ ಒಂದು," ಎಂದು ಮರಾಠಿಯಲ್ಲಿ ಹೇಳಿದರು. ಎಲ್ಲವೂ ಒಂದೇ ಜಾಗದಿಂದ, ಒಂದೇ ದೂರದಿಂದ. ನನಗೆ ನಗು ಬಂತು. ಕಮಾನಿಗೇನು ವರ ನೋಡುತ್ತಿದ್ದೀರಾ ಸಾಹೇಬರೇ ಎಂದು ಕೇಳಿದೆ. ಅವರು ನಗಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದ ವರ್ಷಗಳ ಮಾತು ಇದು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದ ಎನ್ನುತ್ತಿದ್ದೆವು. ನಮ್ಮ ಓಣಿಯ ಕಮಾನು ಊರಿನ ದೊಡ್ಡ ದರವಾಜಾಗಳ ಲೆಕ್ಕಕ್ಕೆ ಬರುವಂಥದ್ದಲ್ಲ. ನೋಡಲು ಬರುವವರು ಅದರ ಕೆಳಗೇ ಹಾದು ಬೇರೆ ದರವಾಜಾ ಹುಡುಕಿಕೊಂಡು ಹೋಗುತ್ತಿದ್ದರು. ಕರಿ ಕಲ್ಲಿನದು. ಎತ್ತಿನ ಗಾಡಿ ಆರಾಮಾಗಿ ದಾಟುತ್ತಿತ್ತು, ಟ್ರಕ್ಕು ಬಂದರೆ ಕ್ಲೀನರ್ ಇಳಿದು ಕೂಗಾಡಬೇಕಿತ್ತು. ಅದರ ಎಡಮಗ್ಗುಲಲ್ಲಿ ಹಿಂದೆ ಪಹರೆಯವರು ಕೂಡುತ್ತಿದ್ದ ಒಂದು ಕೋಣೆ. ಆ ಕೋಣೆಯಲ್ಲಿ ಹುಮನಾಬಾದ ಕಡೆಯ ಒಬ್ಬ ಹೆಣ್ಣುಮಗಳು ಚುರುಮುರಿ, ಪುಠಾಣಿ ಹುರಿಯುವ ಭಟ್ಟಿ ನಡೆಸುತ್ತಿದ್ದಳು. ಗಂಡ ಇದ್ದಾಗ ಇಬ್ಬರೂ ಹುರಿಯುತ್ತಿದ್ದರು, ಅವನು ಹೋದ ಮೇಲೆ ಒಬ್ಬಳೇ. ಅಲ್ಲೇ ಹುರಿಯುವುದು, ಅಲ್ಲೇ ಮಾರುವುದು, ಅಲ್ಲೇ ಮಲಗುವುದು. ಓಣಿಗೆಲ್ಲ ಆಕೆ ಮಾವಶಿ, ಅಂದರೆ ಚಿಕ್ಕಮ್ಮ. ನಾವು ಬೀದರ ಕಡೆಯವರು, ಆಕೆಯ ಜೊತೆ ಕನ್ನಡ ಆಡುವವರು ನಾನು, ನನ್ನ ಹೆಂಡತಿ ಇಬ್ಬರೇ. ನಮಗೆ ಆಕೆ ಅಕ್ಕ.

ಕಮಾನಿನ ನೆತ್ತಿಯಿಂದ ಒಂದು ಬಿರುಕು ಓರೆಯಾಗಿ ಇಳಿದು ಅಕ್ಕನ ಬಾಗಿಲ ಮೇಲಿನವರೆಗೆ ಬಂದಿತ್ತು. ನಾವು ಹುಟ್ಟಿದಾಗಿನಿಂದ ಹೀಗೇ ಇದೆ ಎಂದು ಮುದುಕರು ಹೇಳುತ್ತಿದ್ದರು. ಮುನ್ಸಿಪಾಲಿಟಿ ಕಚೇರಿಯಲ್ಲಿ ಮಾತ್ರ, ಬಿರುಕು ಬೆಳೆಯುತ್ತಿದೆ, ಒಂದು ದಿನ ಸಾಲಿ ಮಕ್ಕಳ ತಲೆ ಮೇಲೆ ಬೀಳುತ್ತದೆ, ಕೆಡವಿ ರಸ್ತೆ ಅಗಲ ಮಾಡಿಬಿಡೋಣ ಎಂಬ ಮಾತು ಎದ್ದಿತ್ತು. ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. "ಬಿರುಕು ವರ್ಷವಿಡೀ ಅಲುಗದೆ ನಿಂತರೆ ಕೆಡವುವ ಕಾರಣ ಇಲ್ಲ ಅಂತ ನಾನೇ ಬರೆಯುತ್ತೇನೆ. ಆದರೆ ಕಮಿಟಿಯವರು ಬಾಯಿ ಮಾತು ಕೇಳುವವರಲ್ಲ, ಅವರ ಕಣ್ಣಿಗೆ ಕಾಣಬೇಕು," ಎಂದರು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿಸಿದರು. ಕಲ್ಲು ಸ್ವಲ್ಪ ಸರಿದರೂ ಗಾಜು ಪಟ್ ಎನ್ನುತ್ತದೆ. ನಾಲ್ಕು ಕಾಲದ ನಾಲ್ಕು ಫೋಟೋ, ನಾಲ್ಕರಲ್ಲೂ ಇಡಿಯಾದ ಗಾಜು, ಅಷ್ಟೇ ಅಗಲದ ಬಿರುಕು. ಇಷ್ಟಾದರೆ ಕಮಾನು ಉಳಿಯುತ್ತದೆ. ಕಮಾನು ಉಳಿದರೆ ಅಕ್ಕನ ಭಟ್ಟಿ ಉಳಿಯುತ್ತದೆ.

ಅಕ್ಕ ಕೆಡವುವ ಮಾತು ಕೇಳಿದ ದಿನ ಹುರಿಯುವುದನ್ನೇ ನಿಲ್ಲಿಸಿ ಕೂತಿದ್ದಳು. "ತಮ್ಮಾ, ಬ್ಯಾರೆ ಮಂದಿ ಗಂಟು ಮೂಟಿ ಕಟ್ಕೊಂಡು ಮನಿ ಬದಲಾಸ್ತಾರ. ನಾ ಈ ಭಟ್ಟಿ ಹೊತ್ಕೊಂಡು ಎಲ್ಲಿ ಹೋಗ್ಲಿ? ಹೊಗಿ ಕಾರೋ ಭಟ್ಟಿಗಿ ಯಾರು ಜಾಗ ಕೊಡ್ತಾರ ಈ ಊರಾಗ?" ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ, "ಚಿಂತಿ ಬ್ಯಾಡ್ರಿ ಅಕ್ಕಾ, ನಾ ಇದ್ದೀನಲ್ಲ," ಎಂದುಬಿಟ್ಟೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕೆಲಸ ಶುರುವಾಯಿತು. ಕಮಾನಿನ ಎದುರಿಗೆ ದರ್ಜಿಯ ಅಂಗಡಿ. ಅವನ ಕಲ್ಲಿನ ಕಟ್ಟೆಯ ಮೇಲೆ ನನ್ನ ಕಟ್ಟಿಗೆಯ ದೊಡ್ಡ ಕ್ಯಾಮರಾ ನಿಲ್ಲಿಸಿ, ಸ್ಟ್ಯಾಂಡಿನ ಮೂರು ಕಾಲು ಎಲ್ಲೆಲ್ಲಿ ಊರಿದವೋ ಅಲ್ಲಲ್ಲಿ ಉಳಿ ಹೊಡೆದು ಗುಳಿ ಮಾಡಿಸಿದೆ. ಮುಂದಿನ ಸಲ ಕಾಲು ಅದೇ ಗುಳಿಯಲ್ಲಿ ಕೂಡಬೇಕು. ದರ್ಜಿ ಬಾಯಿ ಬಡಿದುಕೊಂಡ. ಅಪ್ಪನ ಕಾಲದ ಕಟ್ಟೆಗೆ ತೂತು ಕೊರೆಯುತ್ತೀಯಲ್ಲ, ನಿನ್ನ ಹಣೆಗೆ ಕೊರೆಯಲೇ ಎಂದ. ಚಹಾ ಕುಡಿಸಿ ಸಮಾಧಾನ ಮಾಡಿದೆ. ಬಿರುಕಿನ ಪಕ್ಕಕ್ಕೆ ಒಂದು ಮೊಳೆ ಹೊಡೆದು, ಅದಕ್ಕೆ ಅಳತೆಯ ಅಡಿಪಟ್ಟಿ ತೂಗುಬಿಟ್ಟೆ. ಫೋಟೋದಲ್ಲಿ ಅಡಿಪಟ್ಟಿ ಇದ್ದರೆ ಬಿರುಕಿನ ಅಗಲ ಯಾರು ಬೇಕಾದರೂ ಓದಬಹುದು. ಕ್ಯಾಮರಾದ ಹಿಂದಿನ ಮಸುಕು ಗಾಜಿನ ಮೇಲೆ ಪೆನ್ಸಿಲಿನಿಂದ ಕಮಾನಿನ ಅಂಚು ಗೆರೆ ಎಳೆದುಕೊಂಡೆ. ಪ್ರತಿ ಸಲ ಆ ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಕಮಾನು ಬಂದು ಆ ಗೆರೆಯೊಳಗೇ ಕೂಡಬೇಕು.

ಜಾಗ ಹೊಂದಿಸುವುದು ಸುಲಭ. ಬೆಳಕನ್ನು ಹೊಂದಿಸುವುದು ಯಾರ ಅಪ್ಪನಿಂದಲೂ ಆಗದ ಕೆಲಸ. ಕಲ್ಲಿನ ಬಿರುಕು ಫೋಟೋದಲ್ಲಿ ಕಾಣಬೇಕಾದರೆ ಬಿಸಿಲು ಗೋಡೆಗೆ ಎದುರಾಗಿ ಬೀಳಬಾರದು, ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಹೋಗಬೇಕು. ಆಗ ಬಿರುಕಿನ ಒಂದು ಅಂಚು ಬೆಳ್ಳಗೆ, ಒಂದು ಅಂಚು ಕಪ್ಪಗೆ ಎದ್ದು ನಿಲ್ಲುತ್ತದೆ. ನಮ್ಮ ಕಮಾನು ಪೂರ್ವಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲು ನೇರ ಮುಖಕ್ಕೇ ಹೊಡೆದು ಎಲ್ಲ ಚಪ್ಪಟೆ. ಸೂರ್ಯ ಸ್ವಲ್ಪ ತೆಂಕಣಕ್ಕೆ ವಾಲಿ ಮೇಲೇರಿದ ಹೊತ್ತಿಗೆ ಸವರುವ ಬಿಸಿಲು ಬರಬೇಕು. ಆದರೆ ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ವಾಲುವುದೇ ಇಲ್ಲ, ಬಂದು ನೆತ್ತಿ ಮೇಲೇ ಕೂಡುತ್ತಾನೆ. ಬಿಸಿಲು ಮೇಲಿಂದ ಸುರಿದು ಕಮಾನಿನ ಹಣೆಯ ನೆರಳು ಕೆಳಗಿನ ಬಿರುಕನ್ನೆಲ್ಲ ನುಂಗಿಬಿಡುತ್ತಿತ್ತು. ಫಿಲ್ಮಿನ ಮೇಲೆ ಫಿಲ್ಮು ಕೆಟ್ಟಿತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಬೆವರು ಕಣ್ಣಿಗಿಳಿದು, ಸಾಕಪ್ಪಾ ಈ ಉಸಾಬರಿ ಎನಿಸಿತ್ತು. ಕೊನೆಗೆ ಕ್ಷೌರದಂಗಡಿಯ ದೊಡ್ಡ ಕನ್ನಡಿ ಬೇಡಿ ತಂದು, ಪಕ್ಕದ ಮಾಳಿಗೆ ಮೇಲೆ ಇಬ್ಬರನ್ನು ನಿಲ್ಲಿಸಿ, ಕನ್ನಡಿಯಿಂದ ಬಿಸಿಲನ್ನು ಗೋಡೆಗುಂಟ ಹಾಯಿಸಿದೆ. ಅವರ ಕೈ ನಡುಗಿದರೆ ಬೆಳಕೂ ನಡುಗುತ್ತಿತ್ತು. ಹಾಗೂ ಹೀಗೂ ಒಂದು ನೆಗೆಟಿವ್ ದಕ್ಕಿತು.

ಮಳೆಗಾಲ ಇನ್ನೂ ಕೆಟ್ಟದ್ದು. ಮೋಡದ ಬೆಳಕಿಗೆ ನೆರಳೇ ಇಲ್ಲ. ಸಾಲದ್ದಕ್ಕೆ ಮಳೆ ನಿಂತ ಮೇಲೂ ಬಿರುಕಿನಿಂದ ನೀರು ಜಿನುಗಿ ಅದರ ಎರಡೂ ಕಡೆ ಅಂಗೈ ಅಗಲ ಕಲ್ಲು ಕಾಡಿಗೆಯಂತೆ ಕಪ್ಪಾಗುತ್ತಿತ್ತು. ಫೋಟೋದಲ್ಲಿ ಆ ಕಪ್ಪೆಲ್ಲ ಬಿರುಕೇ ಎಂಬಂತೆ ಕಂಡಿತು. ಅದನ್ನು ನೋಡಿದ ಸಾಹೇಬರ ಮುಖ ಬಿಳಿಚಿಕೊಂಡಿತು. ನಾನು ಅವರನ್ನು ಕಮಾನಿನ ಕೆಳಗೆ ಕರೆದುಕೊಂಡು ಹೋಗಿ, ಇದು ಒದ್ದೆ, ಇದು ಬಿರುಕು ಎಂದು ಬೆರಳಿಟ್ಟು ತೋರಿಸಿದೆ. ಆಗಲೇ ಪಕ್ಕದ ಮಾಳಿಗೆಯ ನೆರಳಿನ ಮಾತೂ ಬಂತು. ಆ ಮಾಳಿಗೆಯ ಮೂಲೆಯ ನೆರಳು ಕಮಾನಿನ ಮೇಲೆ ಬೇಸಿಗೆಯಲ್ಲಿ ಒಂದು ಕಡೆ ಬಿದ್ದರೆ ಮಳೆಗಾಲದಲ್ಲಿ ಇನ್ನೊಂದು ಕಡೆ, ಚಳಿಯಲ್ಲಿ ಮತ್ತೊಂದು ಕಡೆ. ನೆರಳು ನೋಡಿದರೆ ಫೋಟೋ ಯಾವ ತಿಂಗಳದು ಎಂದು ಹೇಳಬಹುದು ಎಂದೆ. ಸಾಹೇಬರಿಗೆ ಅದು ಬಹಳ ಹಿಡಿಸಿತು. "ಹಾಗಾದರೆ ಯಾರೂ ಮೋಸ ಮಾಡುವ ಹಾಗಿಲ್ಲ," ಎಂದರು.

ಗೋಡೆ ಒಣಗಲಿ ಎಂದು ಕಾದು ಕೂತೆ. ಒಣಗುತ್ತ ಬಂದಿತು ಎನ್ನುವಷ್ಟರಲ್ಲಿ ಮತ್ತೆ ಸುರಿಯುತ್ತಿತ್ತು. ಡಬ್ಬಿಯಲ್ಲಿದ್ದ ಫಿಲ್ಮು ಥಂಡಿ ಹಿಡಿದು ಬೂಸ್ಟು ಬರತೊಡಗಿತು. ಅಕ್ಕ ಅದನ್ನು ಕೇಳಿ, ಅಕ್ಕಿ ಗರಿಗರಿಯಾಗಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. "ಡಬ್ಬ್ಯಾಗ ಇಡು. ಥಂಡಿ ಎಲ್ಲಾ ಅಕ್ಕಿ ಹೀರ್ಕೊಳ್ತದ. ಮೆತ್ತಗಾದ್ರ ಹೇಳು, ಮತ್ತ ಹುರದು ಕೊಡ್ತೀನಿ." ಆ ಮಳೆಗಾಲ ಪೂರ್ತಿ ಆಕೆ ನನ್ನ ಫಿಲ್ಮಿಗೆ ಅಕ್ಕಿ ಹುರಿದಳು. ಗಾಜಿನ ಪಟ್ಟಿಯನ್ನಂತೂ ಕೂಸು ಕಾಯುವ ಹಾಗೆ ಕಾಯುತ್ತಿದ್ದಳು. ಕಲ್ಲು ಬೀಸುವ ಹುಡುಗರಿಗೆ ಬೈಗುಳ, ಗೋಡೆಗೆ ಮೈ ತಿಕ್ಕುವ ದನಗಳಿಗೆ ಸೌದೆಯ ಏಟು. ಕಡೆಗೊಂದು ದಿನ ಗಾಳಿ ಬಿಟ್ಟು, ಕಲ್ಲು ಬೂದು ಬಣ್ಣಕ್ಕೆ ತಿರುಗಿ, ಮೋಡ ಹರಿದು ಬಿಸಿಲು ಬಿತ್ತು. ಉಂಡ ಕೈ ತೊಳೆಯದೇ ಓಡಿದೆ. ಎರಡನೆಯದೂ ದಕ್ಕಿತು.

ದೀಪಾವಳಿ ಹೊತ್ತಿನದು ಮಾತ್ರ ತಾನಾಗಿಯೇ ಬಂದು ಮಡಿಲಿಗೆ ಬಿದ್ದಂತೆ ಬಂತು. ಅದೇ ವಾರ ಕಚೇರಿಯ ಸಿಪಾಯಿ ಬಂದು ಏಣಿ ಹತ್ತಿ ಗಾಜು ನೋಡಿ, ಒಂದು ಗೀರೂ ಇಲ್ಲ, ಎಲ್ಲ ಠೀಕ್ ಇದೆ ಎಂದು ಅಕ್ಕನಿಗೆ ಹೇಳಿ ಹೋದ. ಅಕ್ಕ ಓಣಿಗೆಲ್ಲ ಚುರುಮುರಿ ಹಂಚಿದಳು.

ಇನ್ನು ಉಳಿದದ್ದು ಚಳಿಗಾಲದ್ದೊಂದೇ. ಚಳಿಗೆ ಕಲ್ಲು ಮುದುಡಿ ಬಿರುಕು ಬಾಯಿ ಬಿಡುವುದಿದ್ದರೆ ಆಗಲೇ ಬಿಡುತ್ತದೆ, ಅದಕ್ಕೇ ಕೊನೆಯ ಫೋಟೋ ಎಲ್ಲಕ್ಕಿಂತ ಮುಖ್ಯ ಎಂದಿದ್ದರು ಸಾಹೇಬರು. ಅಂದು ತಾವೇ ಬಂದು ಗಾಜನ್ನೂ ನೋಡುವವರಿದ್ದರು. ಚಳಿ ಬಲಿಯಲು ಇನ್ನೂ ಸಮಯವಿತ್ತು. ಅಷ್ಟರೊಳಗೆ ಮೊದಲಿನ ಮೂರನ್ನೂ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಪ್ರಿಂಟು ಮಾಡಿಸಬೇಕಿತ್ತು. ನನ್ನ ನೆಗೆಟಿವ್ ಸೈಜಿಗೆ ಆಗುವ ಎನ್‌ಲಾರ್ಜರ್ ನಮ್ಮೂರಲ್ಲಿ ನನಗೆ ಎಟುಕುವ ಕಡೆ ಇರಲಿಲ್ಲ. ನಾಸಿಕದಲ್ಲಿ ಭಾಲ್ಕಿ ಕಡೆಯ ಗೆಳೆಯನೊಬ್ಬ ಸ್ಟುಡಿಯೋ ಇಟ್ಟಿದ್ದ. ಎಸ್.ಟಿ. ಬಸ್ಸು ಹಿಡಿದು ಅಲ್ಲಿಗೆ ಹೋದೆ.

ಬೇಗ ಬರುವವನು ಅಲ್ಲೇ ಸಿಕ್ಕಿಕೊಂಡೆ. ದೊಡ್ಡ ಕಾಗದ ಮುಂಬಯಿಯಿಂದ ಬರಬೇಕಿತ್ತು, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಗೆಳೆಯ ನನ್ನನ್ನು ರೈಲ್ವೆ ಸ್ಟೇಶನ್ನಿಗೆ ಅಲೆಸಿದ. ಬೆಳಿಗ್ಗೆ ಗೋದಾವರಿ ದಂಡೆಗೆ ಹೋದರೆ ಮಂಜಿನಲ್ಲಿ ಎದುರು ದಂಡೆ ಕಾಣುತ್ತಿರಲಿಲ್ಲ. ಚಳಿ ಆಗಲೇ ಬಿದ್ದುಬಿಟ್ಟಿತ್ತು. ಊರಲ್ಲೂ ಬಿದ್ದಿರಬೇಕು ಎಂದು ಒಳಗೊಳಗೇ ಚಡಪಡಿಸುತ್ತಿದ್ದೆ. ಕಾಗದ ಬಂತು. ಕತ್ತಲಕೋಣೆಯ ಕೆಂಪು ದೀಪದಲ್ಲಿ ಮೂರೂ ಪ್ರಿಂಟು ಒಂದೊಂದಾಗಿ ಮೇಲೆದ್ದವು. ಒಣಗಿದ ಮೇಲೆ ಪಕ್ಕಪಕ್ಕ ಹಾಸಿ ನೋಡಿದೆವು. ಬೆಳಕು ಬೇರೆ, ನೆರಳು ಬೇರೆ, ಕಲ್ಲಿನ ಬಣ್ಣವೂ ಬೇರೆ. ಬಿರುಕು ಮಾತ್ರ ಮೂರರಲ್ಲೂ ಒಂದೇ. ಅಡಿಪಟ್ಟಿಯ ಅದೇ ಗೆರೆಯಿಂದ ಅದೇ ಗೆರೆಗೆ. ಗಾಜು ಮಿಣ್ಣಗೆ ಮಿಂಚುತ್ತ ಕೂತಿತ್ತು. ಗೆಳೆಯ ನನ್ನ ಬೆನ್ನಿಗೆ ಗುದ್ದಿ, "ಗೆದ್ದಿ ಬಿಡಲೇ ಮಗನ! ಇನ್ನ ಯಾವ ಕಮಿಟಿ ಏನ್ ಹರಕೋತದ?" ಎಂದ. ನನಗೂ ಹಾಗೆಯೇ ಅನಿಸಿತು. ನನ್ನ ಕೈಯಿಂದ ಅಂಥ ಕೆಲಸ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಊರಿಗೆ ಬಂದು ಬಸ್ಸಿಳಿದು, ಪ್ರಿಂಟಿನ ಸುರುಳಿ ಕಂಕುಳಲ್ಲಿ ಹಿಡಿದು, ಓಣಿಯ ತಿರುವು ದಾಟಿದೆ. ಕಮಾನು ಕಾಣಲಿಲ್ಲ. ಅಂದರೆ, ಕಂಡಿತು, ನನಗೆ ಗುರುತು ಸಿಗಲಿಲ್ಲ. ಅಲ್ಲಿ ಬೆಳ್ಳಗೆ ಹಾಲು ಸುರಿದಂತೆ ಏನೋ ನಿಂತಿತ್ತು. ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ನೆತ್ತಿಗೆ ಮಾವಿನೆಲೆಯ ತೋರಣ. ಬಿರುಕು ಇರಲಿಲ್ಲ. ಬಿರುಕಿದ್ದ ಕಡೆ ನುಣ್ಣಗೆ ಗಾರೆ ಮೆತ್ತಿ ಅದರ ಮೇಲೂ ಸುಣ್ಣ ಬಳಿದಿದ್ದರು. ಗಾಜಿನ ಪಟ್ಟಿ ಇರಲಿಲ್ಲ.

ನಾನು ರಸ್ತೆಯಲ್ಲೇ ಕುಕ್ಕರಿಸಿದೆ.

ದರ್ಜಿ ಓಡಿ ಬಂದ, ಕ್ಷೌರದವನು ಬಂದ, ಹೆಂಗಸರು ಬಾಗಿಲಿಗೆ ಬಂದು ನಿಂತರು. ಎಲ್ಲರ ಮುಖದಲ್ಲೂ ಮದುವೆ ಮನೆಯ ಕಳೆ. ಅಕ್ಕ ಕೈಯೆಲ್ಲ ಸುಣ್ಣ ತಿಂದು ಬಿರಿದಿದ್ದರೂ ನಗುತ್ತ ಬಂದಳು. "ಹ್ಯಾಂಗ ಕಾಣ್ಲತ್ತದ ಹೇಳು ತಮ್ಮಾ! ಕಡೀ ಫೋಟೋ ಅಂತ ಎಲ್ಲಾರೂ ಕೂಡಿ ಮಾಡಿದ್ವಿ. ಗಾರಿ ನಾನೇ ಕಲಿಸೀನಿ, ಬೆಲ್ಲದ ನೀರು ಹಾಕಿ. ಸುಣ್ಣಕ್ಕ ಡಿಂಕದ ಅಂಟು ಹಾಕೀನಿ, ಮಳಿ ಬಂದ್ರೂ ಹೋಗಂಗಿಲ್ಲ."

"ಗಾಜು, ಅಕ್ಕಾ," ಎಂದೆ.

"ಅದೇನು ಮಾರಿ ಮ್ಯಾಲ ಪಟ್ಟಿ ಹಚ್ಚಿದಂಗ! ಸಿಪಾಯಿ ಬಂದು ನೋಡಿದ, ಎಲ್ಲಾ ಠೀಕ ಅದ ಅಂದ. ಗಾಯ ಮಾದ ಮ್ಯಾಲ ಪಟ್ಟಿ ಯಾಕ ಬೇಕು? ನಾನೇ ಹಗೂರಕ ಬಿಡಿಸೀನಿ. ನಿಂದ್ರು, ತೋರಸ್ತೀನಿ." ಒಳಗೆ ಹೋಗಿ ಸೆರಗಿನಲ್ಲಿ ಸುತ್ತಿ ತಂದಳು. ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. "ನೋಡು, ಒಂದ್ ಗೀಟು ಸುದ್ದಾ ಇಲ್ಲ. ಹ್ಯಾಂಗಿತ್ತೋ ಹಂಗೇ ಸಾಬೂತ ಅದ."

ಹೌದು, ಸಾಬೂತು ಇತ್ತು. ಚಳಿ ಬಿದ್ದ ಮೇಲೆ ತೆಗೆದದ್ದು, ಆಗಲೂ ಇಡಿಯಾಗಿ ಇತ್ತು. ಅದು ಗೋಡೆಯ ಮೇಲೆ ಇನ್ನೊಂದು ವಾರ ಇದ್ದಿದ್ದರೆ ಕಮಾನು ಉಳಿಯುತ್ತಿತ್ತು. ಅಂಗೈಯಲ್ಲಿ ಅದು ಬರೀ ಗಾಜು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಕ್ಕ ಅದನ್ನು ನೋಡಿ ದರ್ಜಿಯ ಕಡೆ ತಿರುಗಿ, ಮರಾಠಿಯಲ್ಲಿ, "ಅಳುತ್ತಿದ್ದಾನೆ ನೋಡು, ಖುಷಿಗೆ," ಎಂದಳು.

ನನ್ನ ಸಿಟ್ಟು ಸುಮ್ಮನೆ ಸಿಟ್ಟಲ್ಲ. ಮನೆಗೆ ಹೋಗಿ ತಂಬಿಗೆ ಎತ್ತಿ ಗೋಡೆಗೆ ಒಗೆದೆ. ಯಾರನ್ನು ಬೈಯಲಿ? ಆ ಕಾಲದಲ್ಲಿ ಫೋಟೋ ಎಂದರೆ ಜನ ಹೆಣ್ಣು ತೋರಿಸುವವರ ಹಾಗೆ ಸಿಂಗರಿಸಿಕೊಂಡು ಬರುತ್ತಿದ್ದರು. ಮಡಿಕೆ ಮುರಿಯದ ಸೀರೆ ಉಟ್ಟು, ಮುಖ ತೊಳೆದು, ಎಣ್ಣೆ ಹಚ್ಚಿ ತಲೆ ಬಾಚಿ ಬಂದು ಕೂಡುತ್ತಿದ್ದರು. ಮುಖದ ಮೇಲೆ ಕಲೆ ಇದ್ದವರು, ಅದು ಕಾಣದಂತೆ ಮಾಡ್ರಿ ಎನ್ನುತ್ತಿದ್ದರು, ನಾನು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಳಿಸಿ ಕೊಡುತ್ತಿದ್ದೆ. ದೊಡ್ಡ ಸಾಹೇಬರು ನೋಡುವ ಫೋಟೋಕ್ಕೆ ತಮ್ಮ ಕಮಾನನ್ನು ಅವರು ಬಿರುಕು ಬಿಟ್ಟ ಮುಖದಲ್ಲಿ ಹೇಗೆ ನಿಲ್ಲಿಸಿಯಾರು?

ಮರುದಿನ ಬೆಳಗಾಗುತ್ತಲೇ ಏಣಿ ಹಾಕಿ ಹತ್ತಿದೆ. ಬಿಳಿ ಬಹಳ ಹೊಳೆಯುತ್ತದೆ, ಫೋಟೋಕ್ಕೆ ಸ್ವಲ್ಪ ಕಡಿಮೆ ಮಾಡಬೇಕು ಎಂದು ಸುಳ್ಳು ಹೇಳಿದೆ. ನೀರು ಹಾಕಿ ಬ್ರಶ್ಶಿನಿಂದ ಉಜ್ಜಿದೆ. ಉರುಟು ಕಲ್ಲು ಸುಣ್ಣ ಕುಡಿದುಬಿಟ್ಟಿತ್ತು, ಡಿಂಕದ ಸುಣ್ಣ ಬೇರೆ. ಬಿರುಕಿನೊಳಗಿನ ಗಾರೆಗೆ ಚಾಕು ಹಾಕಿ ಮೀಟಿದೆ. ಗಾರೆಯ ಜೊತೆ ಕಲ್ಲಿನ ಅಂಚೂ ಪುಡಿಯಾಗಿ ಕೈಗೆ ಬಂತು. ಹೀಗೇ ಬಿಡಿಸುತ್ತ ಹೋದರೆ ಬಿರುಕು ಹೊಸದಾಗಿ ಅಗಲ ಆದದ್ದೇ ಫೋಟೋದಲ್ಲಿ ಬರುತ್ತದೆ. ಚಾಕು ಕೆಳಗೆ ಇಟ್ಟೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಅಕ್ಕ, "ನಾ ಏರಿ ತಿಕ್ಕಲೇನು? ನಿನ್ನ ಕೈ ನೊಂದಾವು," ಎಂದಳು.

ಇನ್ನೊಂದು ದಾರಿ ತಲೆಯಲ್ಲಿ ಸುಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ದೀಪಾವಳಿಯದು ಎರಡು ನೆಗೆಟಿವ್ ತೆಗೆದಿದ್ದೆ. ಒಂದನ್ನು ಸ್ವಲ್ಪ ಕಪ್ಪಗೆ ಪ್ರಿಂಟು ಮಾಡಿ ಚಳಿಗಾಲದ್ದು ಎಂದು ಕೊಟ್ಟರೆ? ಆದರೆ ಮಾಳಿಗೆಯ ನೆರಳು ಸುಮ್ಮನಿರುತ್ತದೆಯೇ? ಆ ನೆರಳು ಓದುವುದನ್ನು ಸಾಹೇಬರಿಗೆ ಕಲಿಸಿದವನು ನಾನೇ. ಅಲ್ಲದೆ ಅವರು ಕಣ್ಣಾರೆ ನೋಡಲು ಬರುವವರು. ಆ ವಿಚಾರ ಅಲ್ಲಿಗೇ ಬಿಟ್ಟೆ.

ಸಾಹೇಬರು ಬಂದ ದಿನದ ಬೆಳಕನ್ನು ಏನೆಂದು ಹೇಳಲಿ! ವರ್ಷವಿಡೀ ನಾನು ಬೇಡಿಕೊಂಡ ಬೆಳಕು ಅದು. ಮೋಡದ ಚೂರಿಲ್ಲ, ಧೂಳಿಲ್ಲ, ಬಿಸಿಲು ಪಕ್ಕದಿಂದ ಬಂದು ಗೋಡೆಯನ್ನು ಸವರುತ್ತಿತ್ತು. ಸಾಹೇಬರು ದೂರದಲ್ಲೇ ಸೈಕಲ್ ಇಳಿದು ನಿಂತರು. ಬಿಳಿ ಕಮಾನನ್ನು ನೋಡಿದರು, ತೋರಣ ನೋಡಿದರು, ಓಣಿಯ ಜನ ಒಗೆದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತದ್ದನ್ನು ನೋಡಿದರು. ನಾನು ಸ್ಟ್ಯಾಂಡಿನ ಕಾಲು ಗುಳಿಯಲ್ಲಿ ಕೂಡಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಗೆರೆಯೊಳಗೆ ಕಮಾನು ಹೊಂದಿಸಿ, ಫೋಟೋ ತೆಗೆದೆ. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಹತ್ತಿರ ಬಂದು, ಸಂಜೆ ಕಚೇರಿಗೆ ಬನ್ನಿ ಎಂದು ಮೆಲ್ಲಗೆ ಹೇಳಿ ಸೈಕಲ್ ಹತ್ತಿದರು.

ಸಂಜೆ ಹೋದಾಗ ಕಚೇರಿ ಖಾಲಿಯಾಗುತ್ತಿತ್ತು. ಅವರ ಮೇಜಿನ ಮೇಲೆ ನನ್ನ ಮೂರು ಪ್ರಿಂಟುಗಳನ್ನು ಹರಡಿದೆ. ಬಹಳ ಹೊತ್ತು ನೋಡಿದರು. "ಇಷ್ಟು ಚೆನ್ನಾಗಿ ಬರುತ್ತದೆ ಅಂದುಕೊಂಡಿರಲಿಲ್ಲ," ಎಂದರು. ಆಮೇಲೆ, "ಗಾಜು ಕಿತ್ತವರು ಯಾರು?" ಎಂದು ಕೇಳಿದರು.

"ಗೊತ್ತಿಲ್ಲ ಸಾಹೇಬರೇ."

"ನನಗೆ ಗೊತ್ತು. ಕಮಿಟಿಗೂ ಗೊತ್ತಾಗುತ್ತದೆ. ಆ ಕೋಣೆಯಲ್ಲಿ ಇರುವವಳಿಗೇ ಲಾಭ ಇತ್ತು, ಬಿರುಕು ಮುಚ್ಚಿದವಳೂ ಅವಳೇ ಅಂತಾರೆ."

ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಆಗ ಹೊರಗೆ ಬಂತು. ಲಾಭಕ್ಕಲ್ಲ, ಫೋಟೋ ಚೆಂದ ಬರಲಿ ಅಂತ ಮಾಡಿದ್ದು ಎಂದೆ. ಗಾಜು ಇಡಿಯಾಗೇ ಇತ್ತು, ನಾನು ಕೈ ಮುಟ್ಟಿ ನೋಡಿದ್ದೇನೆ ಎಂದೆ. ಮೂರು ಫೋಟೋ ನೋಡಿ, ನಾಲ್ಕನೆಯದು ಅದರ ಹಾಗೇ ಅಂತ ತಿಳಿದುಕೊಳ್ಳಿ ಎಂದು ಕೈ ಜೋಡಿಸಿದೆ. ಅವರು ತಲೆ ಅಲ್ಲಾಡಿಸಿದರು. "ನಾನು ನಂಬುತ್ತೇನೆ. ನಂಬಿ ಸಹಿ ಹಾಕಿದ ಮೇಲೆ ಒಂದು ಕಲ್ಲು ಒಂದು ಮಗುವಿನ ಮೇಲೆ ಬಿದ್ದರೆ? ಮುಚ್ಚಿದ ಬಿರುಕಿನ ಒಳಗೆ ಏನಾಗುತ್ತಿದೆ ಅಂತ ಇನ್ನು ಯಾರು ಹೇಳಬಲ್ಲರು? ಮತ್ತೆ ಒಂದು ವರ್ಷ ಕಾಯಿರಿ ಅಂದರೆ ಕಮಿಟಿ ನನ್ನ ಮುಖಕ್ಕೆ ಉಗಿಯುತ್ತದೆ."

ಕಿಟಕಿಯ ಹೊರಗೆ ಸಿಪಾಯಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ರೀತಿ ಬರೆಯಬಹುದು," ಎಂದರು. "ಸರಕಾರಿ ಗುರುತು ಕಿತ್ತು ಬಿರುಕು ಮುಚ್ಚಿದ್ದಾರೆ ಅಂತ ಬರೆದರೆ ವಿಚಾರಣೆ, ಪೊಲೀಸು, ಆ ಹೆಂಗಸನ್ನು ಠಾಣೆಗೆ ಕರೆಯುತ್ತಾರೆ. ಇಲ್ಲ, ಫೋಟೋಗ್ರಾಫರರಿಂದ ನಾಲ್ಕನೆಯ ಫೋಟೋ ಸರಿಯಾಗಿ ಬರಲಿಲ್ಲ, ಹಾಗಾಗಿ ತೀರ್ಮಾನಕ್ಕೆ ಬರಲಾಗಲಿಲ್ಲ ಅಂತ ಬರೆಯಬಹುದು. ಹೇಗೆ ಬರೆದರೂ ಕಮಾನು ಉಳಿಯುವುದಿಲ್ಲ. ನೀವೇ ಹೇಳಿ."

ಮೇಜಿನ ಮೇಲಿದ್ದ ನನ್ನ ಪ್ರಿಂಟುಗಳ ಕಡೆ ನೋಡಿದೆ. ಬಿಸಿಲಲ್ಲಿ ಬೆಂದು, ಮಳೆಯಲ್ಲಿ ನೆನೆದು ತೆಗೆದದ್ದು. ಅಂಥದ್ದನ್ನು ತೆಗೆದವನಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ನಾನೇ ಬರೆಸಬೇಕು. ಠಾಣೆಯ ಬೆಂಚಿನ ಮೇಲೆ ಅಕ್ಕ ಸೆರಗು ಹೊದ್ದು ಕೂತದ್ದು ಕಣ್ಣ ಮುಂದೆ ಬಂತು. "ಫೋಟೋ ಬರಲಿಲ್ಲ ಅಂತ ಬರೀರಿ," ಎಂದೆ.

ಸುದ್ದಿ ಓಣಿಗೆ ಬರಲು ತಡವಾಗಲಿಲ್ಲ. ನಾಲ್ಕನೆಯ ಫೋಟೋ ಕೆಟ್ಟಿತಂತೆ, ಅದಕ್ಕೇ ಕೆಡವುತ್ತಾರಂತೆ. ದರ್ಜಿ ನನ್ನನ್ನು ಕಂಡರೆ ಮುಖ ತಿರುವತೊಡಗಿದ. ಕಟ್ಟೆಗೆ ತೂತು ಹೊಡೆದ, ಊರಿಗೂ ತೂತು ಹೊಡೆದ ಎಂದು ನನಗೆ ಕೇಳುವ ಹಾಗೆ ಹೇಳಿದ. ಮಾತಾಡಿಟ್ಟಿದ್ದ ಮದುವೆ ಫೋಟೋದ ಕೆಲಸಗಳು ಬೇರೆ ಸ್ಟುಡಿಯೋಕ್ಕೆ ಹೋದವು. ನನ್ನ ಹೆಂಡತಿಗೊಬ್ಬಳಿಗೆ ನಿಜ ಹೇಳಿದ್ದೆ. "ನೀವೊಬ್ರು ದೊಡ್ಡ ಧರ್ಮರಾಯ ಆಗಬ್ಯಾಡ್ರಿ. ಹೇಳಿಬಿಡ್ರಿ ಎಲ್ಲಾರಿಗೂ," ಎಂದು ದಿನವೂ ಜಗಳ. "ಹೇಳಿದ್ರ ಕಮಾನ ಉಳೀತದೇನು? ಆ ಮುದುಕಿ ಎದಿ ಒಡಕೊಂಡು ಸಾಯ್ತಾಳ, ಅಷ್ಟೇ," ಎನ್ನುತ್ತಿದ್ದೆ. ಹಾಗೆನ್ನುತ್ತಿದ್ದರೂ ಎಷ್ಟೋ ಸಲ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ನಾನೇನು ದೇವರಲ್ಲ.

ಆ ನಾಲ್ಕನೆಯ ನೆಗೆಟಿವ್ ತೊಳೆದು ನೋಡಿದೆ. ಅಷ್ಟು ಶುದ್ಧವಾದ ನೆಗೆಟಿವ್ ಅಪರೂಪ. ಎಲೆಯ ತೋರಣದ ನರ ನರ ಕಾಣುತ್ತಿತ್ತು.

ಕೆಡವಲು ಬಂದವರು ಒಂದು ಬೆಳಗಿನ ಕೆಲಸ ಎಂದುಕೊಂಡು ಬಂದಿದ್ದರು. ಹಾರೆ ಬಾಗಿದವು, ಸುತ್ತಿಗೆಯ ಕಾವು ಮುರಿದವು, ಮತ್ತೆ ಜನ ತರಿಸಿದರು. ಹೊರಮೈಯ ಕಲ್ಲಿನ ಪದರು ಕಿತ್ತಾಗ ಬಿರುಕು ಅದರ ಜೊತೆಗೇ ಹೋಯಿತು. ಒಳಗಿನ ಗೋಡೆ ಒಂದು ಗೀರಿಲ್ಲದೆ ಗಟ್ಟಿಯಾಗಿತ್ತು. ಸಾಹೇಬರು ಬಂದು, ಅದನ್ನು ನೋಡಿ, ನನ್ನ ಕಡೆ ನೋಡದೆ ಹೋದರು. ಭಟ್ಟಿಯನ್ನು ಕೊನೆಗೆ ಒಡೆದರು. ಅಕ್ಕ ಚುರುಮುರಿ ಹುರಿಯುವ ಮರಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಹುರಿದು ಹುರಿದು ಹದವಾದ ಮರಳು, ಎಲ್ಲಾದರೂ ಬೇಕಾಗುತ್ತದೆ ಎಂದು. ಜಾಗ ಹುಡುಕಿ ಊರೆಲ್ಲ ಸುತ್ತಿದಳು. ಹೊಗೆ ಎಂದರೆ ಎಲ್ಲರೂ ಬಾಗಿಲು ಹಾಕಿದರು. ಕೊನೆಗೆ ನಾಸಿಕದಲ್ಲಿ ತಂಗಿಯ ಮಗನ ಮನೆಗೆ ಹೋಗುವುದೆಂದಾಯಿತು. ಅವನಿಗೆ ಸಾತಪುರದ ಕಾರಖಾನೆಯಲ್ಲಿ ಕೆಲಸ, ಇರುವುದು ಒಂದೇ ಕೋಣೆಯ ಮನೆ. ಮರಳಿನ ಚೀಲ ತರಬೇಡ ಎಂದು ಅವನು ಮೊದಲೇ ಹೇಳಿ ಕಳಿಸಿದ್ದ.

ಹೊರಡುವ ದಿನ ಅಕ್ಕ ನಮ್ಮ ಮನೆಗೆ ಬಂದಳು. ಸ್ಟುಡಿಯೋದ ಹಿಂದೆಯೇ ನಮ್ಮ ಮನೆ, ನಡುವೆ ನನ್ನ ಕತ್ತಲಕೋಣೆ. ನಾನು ಒಳಗೆ ಪ್ರಿಂಟು ತೊಳೆಯುತ್ತಿದ್ದೆ. ಹೊರಗೆ ಹೋಗುವ ಧೈರ್ಯ ಆಗಲಿಲ್ಲ. ಆಕೆ ನನ್ನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಳು. ನನ್ನ ಹೆಂಡತಿಯ ಮಾತು ಬಿಗಿಯಾಗಿತ್ತು, ಯಾವ ಗಳಿಗೆಯಲ್ಲಿ ಬಾಯಿ ಬಿಡುತ್ತಾಳೋ ಎಂದು ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಹೊರಡಲು ಎದ್ದ ಅಕ್ಕ ಹೇಳಿದಳು:

"ತಮ್ಮ ನನ್ನ ಮಾರಿ ನೋಡವಲ್ಲ. ನಾಚ್ಕೋತಾನ ಕಾಣ್ತದ. ಅವನ ಮ್ಯಾಲ ನಂಗ ಸಿಟ್ಟಿಲ್ಲ ಅಂತ ಹೇಳು ತಂಗಿ. ನಾವು ಅಷ್ಟು ಸುಣ್ಣ ಬಳದು ಛಂದ ಮಾಡಿ ಕೊಟ್ರೂ ಅವನ ಕೈಲಿ ಆಗಲಿಲ್ಲ. ಆಗಲಿಲ್ಲ ಅಂದ್ರ ಏನ್ ಮಾಡ್ತಾನ ಪಾಪ? ಓಣಿಯವರಿಗೂ ಹೇಳೀನಿ, ಯಾರೂ ಅವನಿಗಿ ಏನೂ ಅನ್ನಬ್ಯಾಡ್ರಿ ಅಂತ."

ನನ್ನ ಹೆಂಡತಿ ಚಹಾದ ಕಪ್ಪು ಬಸಿ ಎತ್ತಿಟ್ಟ ಸದ್ದು ಕೇಳಿತು. ಆಮೇಲೆ, "ಹೇಳ್ತೀನಿ ಅಕ್ಕಾ," ಎಂದಳು.